ಸಿಂಕಿಗೆ ಬಿದ್ದ ಬಿಸಿನೀರು

ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಅಂದ್ರೆ ನನಗೆ ಮೊದಲು ನೆನಪಾಗುವುದು ಒಂದು ಕೆಂಪು ರಬ್ಬರ್ ಪೈಪು.

ಫಸ್ಟ್ ಪಿಯುಸಿ. ಚಿಕ್ಕಮಗಳೂರಿನ ಜುಲೈ ಮಳೆ, ಕಿಟಕಿ ಮುಚ್ಚಿದರೂ ಚಳಿ. ನೀರು ಬೆರೆಸಿದ ಸ್ಪಿರಿಟ್ ಬಟ್ಟಿ ಇಳಿಸಬೇಕಿತ್ತು. ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್‌ಗೆ ನೀರು ಕೆಳಗಿನಿಂದ ಕೊಡಬೇಕು, ನಾನು ಮೇಲಿನಿಂದ ಕೊಟ್ಟಿದ್ದೆ. ಸಾರ್ ಬೈಯಲಿಲ್ಲ. ಪೈಪು ಬದಲಿಸಿ, ಸಿಂಕಿಗೆ ಬೀಳುತ್ತಿದ್ದ ನೀರಿಗೆ ಕೈ ಒಡ್ಡಲು ಹೇಳಿದರು. ಉಗುರುಬೆಚ್ಚಗಿತ್ತು. ಕೈ ತೆಗೆಯಲು ಮನಸ್ಸೇ ಬರಲಿಲ್ಲ.

"ಈ ಬಿಸಿ ಎಲ್ಲಿಂದ ಬಂತಮ್ಮಾ?"

"ಬರ್ನರಿಂದ ಸಾರ್."

"ಮತ್ತೆ ಸುಮ್ನೆ ಸಿಂಕಿಗೆ ಯಾಕೆ ಸುರೀತಿದೀಯಾ?"

ಈಗ ಅದೇ ಪ್ರಶ್ನೆಗೆ ನನಗೆ ಸಂಬಳ ಕೊಡುತ್ತಾರೆ. ಕಾರ್ಖಾನೆಯಲ್ಲಿ ಬಟ್ಟಿ ಇಳಿಸುವ ಎತ್ತರದ ಗೋಪುರಕ್ಕೆ ಡಿಸ್ಟಿಲೇಷನ್ ಕಾಲಂ ಅಂತಾರೆ. ಅದರ ತಳದಲ್ಲಿ ಉಗಿ ಕೊಟ್ಟು ಕುದಿಸಬೇಕು, ತಲೆಯಲ್ಲಿ ನೀರು ಹರಿಸಿ ತಣಿಸಬೇಕು. ಕೆಳಗೆ ಕೊಟ್ಟ ಬಿಸಿಯ ಬಹುಪಾಲು ಮೇಲೆ ತಣ್ಣೀರಿನ ಪಾಲು. ಒಂದು ಕಾಲಂನ ಒತ್ತಡ ಹೆಚ್ಚಿಸಿದರೆ ಅದರ ಆವಿ ಇನ್ನೂ ಜಾಸ್ತಿ ಬಿಸಿಯಲ್ಲೇ ದ್ರವವಾಗುತ್ತದೆ. ಆ ಬಿಸಿಯಿಂದ ಪಕ್ಕದ ಕಾಲಂನ ತಳ ಕುದಿಸಬಹುದು. ಅಮ್ಮನ ಕೋಡೊಲೆಯೂ ಇದೇ ಅಲ್ವಾ? ಮುಂದಿನ ಒಲೆಯಲ್ಲಿ ಅನ್ನ, ಹಿಂದೆ ಸಾರು, ತೋಟದ ಸಿಲ್ವರ್ ಓಕ್ ಸೌದೆ ಮಾತ್ರ ಒಂದೇ. ಎಷ್ಟು ಒತ್ತಡ, ಆವಿ-ದ್ರವ ಸೇರಲು ಕಾಲಂನೊಳಗೆ ಎಷ್ಟು ಟ್ರೇ (ತಟ್ಟೆ) ಅಂತ ಕಂಪ್ಯೂಟರಿನಲ್ಲಿ ನೂರು ಸಲ ಕಟ್ಟಿ ಕೆಡವಿ ನೋಡುತ್ತೇವೆ, ಒಂದು ತುಂಡು ಕಬ್ಬಿಣ ಕತ್ತರಿಸದೆ. ಎರಡು ಕಾಲಂಗಳ ಕೆಲಸವನ್ನು ನಡುವೆ ಗೋಡೆಯಿಟ್ಟ ಒಂದೇ ಕಾಲಂನಲ್ಲಿ ಮಾಡುವುದೂ ಉಂಟು. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ 1985ರಲ್ಲೇ ಅಂಥದ್ದು ನಡೆಸಿತು. ಸರಿಯಾದ ಮಿಶ್ರಣ ಸಿಕ್ಕರೆ ಸುಮಾರು 30% ಶಕ್ತಿ ಉಳಿಯುತ್ತದೆ.

ಕಂಪ್ಯೂಟರ್ ಹೇಳಿದ್ದೆಲ್ಲ ನಿಜ ಅಂತ ನಂಬಿ ಒಮ್ಮೆ ಪೆಟ್ಟು ತಿಂದಿದ್ದೇನೆ. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟು, ಅದೇ ಸ್ಪಿರಿಟ್ಟು, ಅದೇ ನೀರು. ಒಂದೇ ಕಾಲಂನಲ್ಲಿ 99.9% ಆಲ್ಕೋಹಾಲ್ ಬಂತು! ಖುಷಿಯಲ್ಲಿ ಸಾರ್‌ಗೆ ಫೋನ್ ಮಾಡಿದೆ.

"ಲ್ಯಾಬಿನ ಸ್ಪಿರಿಟ್ ಬಾಟಲಿ ಮೇಲೆ ಎಷ್ಟು ಅಂತ ಬರೆದಿತ್ತು?"

95. ನನ್ನ ಬಾಯಿ ಕಟ್ಟಿತು. ಮಾಮೂಲಿ ಒತ್ತಡದಲ್ಲಿ, ತೂಕದ ಲೆಕ್ಕದಲ್ಲಿ 95.6%ಗೆ ಬಂದ ಮೇಲೆ ಆವಿಯಲ್ಲೂ ದ್ರವದಲ್ಲೂ ಆಲ್ಕೋಹಾಲ್ ಒಂದೇ ಪ್ರಮಾಣ. ಆಮೇಲೆ ಬಟ್ಟಿ ಇಳಿಸಿ ಪ್ರಯೋಜನವಿಲ್ಲ. ನಾನು 'ಐಡಿಯಲ್' ಅಂತ, ಅಂದ್ರೆ ಬೆರೆತರೂ ಎರಡೂ ದ್ರವಗಳ ಗುಣ ಬದಲಾಗುವುದಿಲ್ಲ ಅಂತ, ಒತ್ತಿದ್ದೆ, ಪಾಪ ಕಂಪ್ಯೂಟರ್ ಅದನ್ನೇ ನಂಬಿತ್ತು. ಅಣುಗಳ ನಡುವಿನ ಸೆಳೆತವನ್ನೂ ಲೆಕ್ಕಕ್ಕೆ ಹಿಡಿಯುವ ಎನ್‌ಆರ್‌ಟಿಎಲ್ ಮಾದರಿಗೆ ಬದಲಿಸಿದೆ. ನೂರು ಟ್ರೇ ಹಾಕಿದರೂ ಅಂಕಿ 95.6 ದಾಟಲಿಲ್ಲ.

"ಬಿಸಿನೀರು ಎಲ್ಲಿಗೆ ಬಿಟ್ಟೆ?" ಅಂತಲೂ ಸಾರ್ ಅವತ್ತು ಕೇಳಿದ್ದರು. ರಾತ್ರಿ ರಿಪೋರ್ಟ್ ತೆಗೆದು ನೋಡಿದೆ. 'ಕಂಡೆನ್ಸರ್ ಡ್ಯೂಟಿ', ಅಂದ್ರೆ ತಣ್ಣೀರು ಹೊತ್ತೊಯ್ದ ಬಿಸಿ ಎಷ್ಟು ಅಂತ, ಒಂದು ಸಾಲು ಮೊದಲಿಂದಲೂ ಅಲ್ಲೇ ಇತ್ತು. ನಾನು ಓದೇ ಇರಲಿಲ್ಲ.