ತಲೆನೋವು ಇಲ್ಲ ಅಂದೆ

ಭಾನುವಾರ ಜಾಕೆಟ್ ಒಗಿಯೋಕೆ ಹಾಕೋ ಮುಂಚೆ ಜೇಬು ತಡಕಿದ್ರೆ ಡೋಲೋ ಸ್ಟ್ರಿಪ್ ಸಿಕ್ತು. ನಂದಲ್ಲ, ಮೇಡಂದು. ಅವತ್ತಿಂದ ಆಫೀಸಲ್ಲಿ ಯಾರಾದ್ರೂ "ಏನ್ ಗುರೂ, ಹದಿನಾಲ್ಕು ಸಾವಿರ ಅಡಿ!" ಅಂದ್ರೆ ಮೊದಲಿನ ಥರ ಹಲ್ಲು ಬಿಡೋಕಾಗ್ತಿಲ್ಲ.

ಹೋಗಿದ್ದು ಮನಾಲಿ ಹತ್ರದ ಭೃಗು ಲೇಕ್‌ಗೆ. ಗುಲಾಬಾ ತನಕ ಗಾಡಿ, ಮೊದಲ ರಾತ್ರಿ ಜೋಂಕರ್ ಥಾಚ್, ಎರಡನೇ ರಾತ್ರಿ ರೋಲಾ ಖೋಲಿ, ಮೂರನೇ ದಿನ ಲೇಕ್ ನೋಡಿ ಒಂದೇ ಉಸಿರಿಗೆ ಕೆಳಗೆ. ಥಾಚ್ ಅಂದ್ರೆ ಅಲ್ಲಿಯವರ ಮಾತಲ್ಲಿ ಹುಲ್ಲುಗಾವಲು, ಕುರಿ ಕುದುರೆ ಎಲ್ಲಾ ಆರಾಮಾಗಿ ಮೇಯ್ತಿರ್ತವೆ, ಏದುಸಿರು ಬಿಡೋರು ನಾವು ಮಾತ್ರ. ಮೂರೇ ದಿನ ಅಂತ ಸಲೀಸು ಅನ್ಸುತ್ತೆ, ಆದ್ರೆ ಮೂರೇ ದಿನಕ್ಕೆ 14,000 ಅಡಿ ಹತ್ರ ಹೋಗೋದೇ ಅದರ ಕಷ್ಟ, ನಾವು ಟ್ರೆಕ್ಕರ್ಸ್ ಅಂತ ಮೆರೆಯೋದು ಮುಳ್ಳಯ್ಯನಗಿರಿ ಹತ್ತಿ, ಅದು 6,300 ಚಿಲ್ರೆ, ಅದ್ರಲ್ಲೂ ಮುಕ್ಕಾಲು ದಾರಿ ಗಾಡಿಲೇ ಹೋಗಿರ್ತೀವಿ.

ಅಮ್ಮ ಬೇಡ ಅಂದಿದ್ಲು. 2024ರ ಜೂನಲ್ಲಿ ಉತ್ತರಾಖಂಡದ ಸಹಸ್ರ ತಾಲ್‌ಗೆ ಕರ್ನಾಟಕದಿಂದ ಹೋದ ಟೀಮಲ್ಲಿ 9 ಜನ ತೀರಿಕೊಂಡ್ರಲ್ಲ, ಆ ಸುದ್ದಿ ಅವಳ ತಲೆಯಿಂದ ಹೋಗಿಲ್ಲ. ಅದು ಹಿಮಗಾಳಿ ಅಮ್ಮ, ಇದು ಬೇರೆ ಜಾಗ, ಗೈಡ್ ಹೇಳಿದ್ದು ಕೇಳ್ಕೊಂಡಿದ್ರೆ ಏನೂ ಆಗಲ್ಲ ಅಂದೆ. ಹೇಳಿದ್ದು ನಾನೇ.

ಗೈಡ್ ಹುಡುಗ ಇಪ್ಪತ್ತೈದರವನು, ಮಾತು ಕಮ್ಮಿ. ಮೊದಲ ದಿನವೇ ಹೇಳಿದ್ದ, ತಲೆನೋವು ಬಂದ್ರೆ ಮೊದಲು ನನಗೆ ಹೇಳಿ, ಮಾತ್ರೆ ನುಂಗಿ ಮುಚ್ಚಿಡ್ಬೇಡಿ, ಮುಚ್ಚಿಟ್ಟು ಮೇಲೆ ಹೋದ್ರೆ ಶ್ವಾಸಕೋಶದಲ್ಲಿ ನೀರು ತುಂಬ್ಬೋದು, ಮೆದುಳು ಊದ್ಕೋಬೋದು, ಆಮೇಲೆ ಕೆಳಗೆ ಇಳಿಸೋದೊಂದೇ ದಾರಿ. ಎಲ್ಲರೂ ತಲೆ ಆಡಿಸಿದ್ವಿ. ರೀಲ್ಸ್ ಮಾಡ್ತಿದ್ದ ಇಬ್ಬರನ್ನ ಬಿಟ್ಟು.

ರೋಲಾ ಖೋಲಿಲಿ ರಾತ್ರಿ ಹಣೆ ಒಳಗೆ ಯಾರೋ ಸುತ್ತಿಗೇಲಿ ಕುಟ್ತಾ ಇದ್ದಂಗಿತ್ತು. ಪಕ್ಕದ ಟೆಂಟಲ್ಲಿ ತುಮಕೂರು ಕಡೆಯ ಟೀಚರ್, ನಲವತ್ತೆಂಟು ವಯಸ್ಸಿರ್ಬೋದು, ಇಡೀ ದಾರಿ ನಮಗಿಂತ ಮುಂದೆ ನಡೆದವರು. "ಮೇಡಂ, ಡೋಲೋ ಇದ್ಯಾ?" ಅಂದೆ. ಟಾರ್ಚ್ ನನ್ನ ಮುಖಕ್ಕೆ ಹಿಡಿದು ಒಂದ್ಸಲ ನೋಡಿದ್ರು. "ಪೂರ್ತಿ ಇಟ್ಕೊಳಪ್ಪ. ಆದ್ರೆ ಆ ಹುಡುಗಂಗೆ ಹೇಳ್ಬಿಡು."

ಹೇಳ್ಲಿಲ್ಲ. ಎದ್ದ ತಕ್ಷಣ ಇನ್ನೊಂದು ನುಂಗಿದೆ.

ಬೆಳಿಗ್ಗೆ ಗೈಡ್ ಸಾಲಲ್ಲಿ ನಿಲ್ಲಿಸಿ ಆಕ್ಸಿಜನ್ ನೋಡೋ ಕ್ಲಿಪ್ ಬೆರಳಿಗೆ ಹಾಕ್ದ. ನಂದು 84, ಮೇಡಂದು 87. "ಸರ್, ದರ್ದ್?" ಅಂದ. "ನಹೀ." ಎಷ್ಟು ಬೇಗ ಅಂದೆ ಅಂದ್ರೆ ಅವನ ಪ್ರಶ್ನೆ ಇನ್ನೂ ಮುಗಿದಿರ್ಲಿಲ್ಲ. ಮುಂದೆ ಮೇಡಂ. "ದರ್ದ್?" "ಹೈ. ರಾತ್ ಸೇ. ಉಲ್ಟಿ ಭೀ ಹುವಾ." ಪಾಠ ಒಪ್ಪಿಸ್ದಂಗೆ ಹೇಳಿದ್ರು. ಅವನು ತಕರಾರೇನೂ ಮಾಡದೆ ಒಬ್ಬ ಹುಡುಗನ್ನ ಜೊತೆಗೆ ಹಾಕಿ ಕೆಳಗೆ ಕಳಿಸ್ದ. ಹೊರಡೋವಾಗ ನನ್ನ ಕಡೆ ಒಂದ್ಸಲ ತಿರುಗಿದ್ರು, ಅಷ್ಟೇ. ಬೈಯೋ ನೋಟ ಅಲ್ಲ ಅದು, ಕಾಪಿ ಹೊಡೀತಿರೋ ಹುಡುಗನ್ನ ನೋಡಿಯೂ ಮುಂದಿನ ಬೆಂಚಿಗೆ ಹೋಗ್ತಾರಲ್ಲ, ಹಂಗೆ. ಈ ವಾರ ಪೂರ್ತಿ ಅದೇ ಕಣ್ಣಮುಂದೆ.

ಇನ್ನು ಲೇಕ್. ಭೃಗು ಋಷಿ ತಪಸ್ಸು ಮಾಡಿದ ಜಾಗ, ಇದು ಯಾವತ್ತೂ ಪೂರ್ತಿ ಹೆಪ್ಪುಗಟ್ಟಲ್ಲ ಅಂತ ಅಲ್ಲಿಯವರ ನಂಬಿಕೆ. ನಾವು ಹೋದಾಗ ಎಲ್ಲಾ ಬೆಳ್ಳಗೆ, "ಲೇಕ್ ಎಲ್ಲಿ?" ಅಂತ ಗೈಡನ್ನ ಕೇಳಬೇಕಾಯ್ತು. ಕೋಲು ತೋರಿಸಿದ ಕಡೆ ಉಗುರಿನ ಆಕಾರದಲ್ಲಿ ಒಂದು ಚೂರು ನೀಲಿ ನೀರು. ಋಷಿ ಮಾತು ಉಳಿಸ್ಕೊಂಡಿದ್ದ. ನಾನು ಫೋಟೋ ತೆಗೆಸ್ಕೊಂಡು ಬಂಡೆ ಹಿಂದೆ ಹೋಗಿ ವಾಂತಿ ಮಾಡ್ಕೊಂಡೆ. ಇಳೀತಾ ಇಳೀತಾ ಸರಿಹೋಯ್ತು, ನನ್ನ ಪುಣ್ಯ, ಜಾಣತನ ಅಲ್ಲ.

ನಮ್ಮನೇಲಿ ಯಾರಿಗೂ ಏನೂ ಆಗಲ್ಲ. ಅಪ್ಪ ಎದೆ ಉಜ್ಕೊಂಡು ಗ್ಯಾಸ್ಟ್ರಿಕ್ಕು ಅಂತ ಒಂದು ವಾರ ಡ್ಯೂಟಿಗೆ ಹೋಗಿ ಆಮೇಲೆ ಐಸಿಯು ಸೇರಿದ್ರು. ಅಕ್ಕ ಜ್ವರದಲ್ಲೇ ಇಪ್ಪತ್ತು ಜನಕ್ಕೆ ಅಡುಗೆ ಮಾಡಿದ್ದನ್ನ ಇವತ್ತಿಗೂ ನೆಂಟರು ಹೊಗಳ್ತಾರೆ. ನೋವಿದೆ ಅಂತ ಹೇಳಿದೋರನ್ನ ಯಾರಾದ್ರೂ ಹೊಗಳಿದ್ದು ನೆನಪಿಲ್ಲ. ಮೇಡಂ ಇಳಿದು ಹೋದ ಮೇಲೆ ನಮ್ಮ ಗ್ಯಾಂಗು "ಪಾಪ, ವಯಸ್ಸಾಯ್ತು" ಅಂತು, ನಾನೂ "ಹೌದು ಪಾಪ" ಅಂದೆ ನೋಡಿ.

ಸಂಜೆ ಮನಾಲಿ ಪಕ್ಕದ ವಸಿಷ್ಠ್‌ನಲ್ಲಿ ಮೇಡಂ ಸಿಕ್ಕಿದ್ರು, ಬಿಸಿನೀರಿನ ಕುಂಡದಲ್ಲಿ ಸ್ನಾನ ಮುಗಿಸಿ, ತುಪ್ಪ ಸುರಿದ ಸಿಡ್ಡು, ಅಂದ್ರೆ ಅಲ್ಲಿಯ ಹಬೆಲಿ ಬೇಯಿಸಿದ ಬನ್ನು, ತಿಂತಾ. "ಬಾರಪ್ಪ, ಲೇಕ್ ಹೆಂಗಿತ್ತು?" "ಸೂಪರ್ ಮೇಡಂ." "ನಿಂಗೆ ಹೆಂಗಿದೆ?" "ನಂಗೇನು ಮೇಡಂ, ಆರಾಮು." ಇನ್ನೊಂದು ಪ್ಲೇಟ್ ಸಿಡ್ಡು ತರಿಸಿ ನನ್ನ ಮುಂದೆ ತಳ್ಳಿದ್ರು.

ಹದಿನೈದು ಮಾತ್ರೆ ಸ್ಟ್ರಿಪ್ಪಲ್ಲಿ ಹದಿಮೂರು ಹಂಗೇ ಇದೆ. ಎರಡು ತೂತು, ಎರಡೂ ನಂದೇ.