ಮಗು ನೋಡಿಕೊಳ್ಳುವವರು ಬಾರದ ದಿನ

ನಾನು ಕೇರಳದ ಕುಂಬಳೆಯಿಂದ ಮಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿ ಬರುವವಳು. ಪತಿಗೆ ಕಾಸರಗೋಡಿನಲ್ಲಿ ಕೆಲಸ. ಇಬ್ಬರು ಸಣ್ಣ ಮಕ್ಕಳಿರುವ ನಮ್ಮನ್ನು ಪರಿಚಿತರು, ಅದರಲ್ಲೂ ಹೊಸದಾಗಿ ತಾಯ್ತಂದೆಯರಾದ ಸಹೋದ್ಯೋಗಿಗಳು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಮಕ್ಕಳನ್ನು ನೋಡಿಕೊಳ್ಳುವವರು ಹಠಾತ್ತಾಗಿ ಬಾರದಿದ್ದರೆ ಏನು ಮಾಡುತ್ತೀರಿ? ಬದಲಿ ವ್ಯವಸ್ಥೆಯನ್ನು ಆ ದಿನ ಬೆಳಿಗ್ಗೆ ಹುಡುಕಲು ಹೊರಟರೆ ಸಿಗುವುದಿಲ್ಲ ಎಂಬುದು ನನ್ನ ಉತ್ತರದ ಮೊದಲ ಭಾಗ. ದಿನದ ವ್ಯವಸ್ಥೆ ಯಾವ ಕಾರಣಕ್ಕೆ ಕೈಕೊಡುತ್ತದೆಯೋ ಅದೇ ಕಾರಣಕ್ಕೆ ತಾನೂ ಕೈಕೊಡುವ ಬದಲಿಯನ್ನು ಲೆಕ್ಕಕ್ಕೇ ಹಿಡಿಯಬಾರದು ಎಂಬುದು ಎರಡನೆಯದು.

ನಮ್ಮ ಕಡೆ ಈ ಎರಡನೆಯ ಮಾತನ್ನು ಮಳೆಗಾಲವೇ ಕಲಿಸುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಮಳೆ ಬಿರುಸಾದಾಗ ಕಾಸರಗೋಡು ಜಿಲ್ಲಾಧಿಕಾರಿಗಳು ಹೊರಡಿಸುವ ರಜೆಯ ಆದೇಶದಲ್ಲಿ ಸಾಮಾನ್ಯವಾಗಿ ಶಾಲೆಗಳ ಜೊತೆಗೆ ಅಂಗನವಾಡಿ, ಮದ್ರಸ, ಟ್ಯೂಷನ್ ಕೇಂದ್ರಗಳೂ ಸೇರಿರುತ್ತವೆ. ದೊಡ್ಡವನಿಗೆ ಶಾಲೆಯಿಲ್ಲ, ಚಿಕ್ಕವಳಿಗೆ ಅಂಗನವಾಡಿಯಿಲ್ಲ, ಹೊಳೆಯಾಚೆಯಿಂದ ಬಸ್ಸಿನಲ್ಲಿ ಬರಬೇಕಾದ ಆಯಾ ಬರುವ ಭರವಸೆಯೂ ಇಲ್ಲ. ಕಚೇರಿಗಳಿಗೆ ಮಾತ್ರ ಆ ಆದೇಶ ಅನ್ವಯಿಸುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಅಂದು ರಜೆ ಇರಲಿಕ್ಕಿಲ್ಲವಾದ್ದರಿಂದ, ಮಂಗಳೂರಿನಲ್ಲಿ ಕುಳಿತ ಮೇಲಧಿಕಾರಿಗೆ ರಾಜ್ಯದ ಗಡಿಯಾದ ತಲಪಾಡಿಯ ಈಚೆಗೆ ಎಲ್ಲವೂ ಮುಚ್ಚಿದೆ ಎಂಬ ಸಂಗತಿಯೇ ತಿಳಿದಿರುವುದಿಲ್ಲ. ಇಂತಹ ದಿನಕ್ಕೆ ಪುತ್ತೂರಿನಲ್ಲಿರುವ ಅಜ್ಜಿ ಎಷ್ಟೇ ಪ್ರೀತಿಯವರಾದರೂ ಒದಗುವುದಿಲ್ಲ. ಕೊಡೆ ಹಿಡಿದು ನಡೆದೇ ತಲುಪಬಹುದಾದ ಮನೆ ಬೇಕು. ವಾಹನ ಓಡದ ಹರತಾಳದ ದಿನಕ್ಕೂ ಇದೇ ಲೆಕ್ಕ.

ಓಣಂ ರಜೆಯ ವಿಷಯ ಬೇರೆ. ಕೇರಳದ ಶಾಲೆಗಳು ಸುಮಾರು ಹತ್ತು ದಿನ ಮುಚ್ಚಿರುವಾಗ ಮಂಗಳೂರಿನಲ್ಲಿ ಕೆಲಸ ಎಂದಿನಂತೆ ನಡೆಯುತ್ತದೆ, ಆದರೆ ದಿನಾಂಕ ಮೊದಲೇ ಗೊತ್ತಿರುತ್ತದೆ. ಅಜ್ಜಿಯನ್ನು ಕೇಳಿಕೊಳ್ಳಬೇಕಾದದ್ದು ಆ ದಿನಗಳಿಗೆ.

ಮಗುವಿಗೇ ಜ್ವರ ಬಂದ ದಿನ ನೆರೆಮನೆಯ ದಾರಿಯೂ ಮುಚ್ಚುತ್ತದೆ. ಬೇರೆ ಮಕ್ಕಳು ಅಥವಾ ವಯಸ್ಸಾದವರಿರುವ ಮನೆಗೆ ಜ್ವರದ ಮಗುವನ್ನು ಕಳುಹಿಸುವುದು ನನಗೆ ಸರಿಕಾಣದು. ನಮ್ಮಿಬ್ಬರಲ್ಲಿ ಒಬ್ಬರು ಉಳಿಯುತ್ತೇವೆ, ಇಲ್ಲವೇ ಚಿಕ್ಕಮ್ಮ ನಮ್ಮ ಮನೆಗೇ ಬರುತ್ತಾರೆ. ಅವರಿಗೆಂದು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇನೆ: ಮಕ್ಕಳ ತೂಕ, ವೈದ್ಯರ ದೂರವಾಣಿ, ಒಗ್ಗದ ಆಹಾರ, ಮತ್ತು ಔಷಧದ ಅಳತೆ. ಈ ಅಳತೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪು ಔಷಧದಂಗಡಿಗಳಲ್ಲಿ ಒಂದೇ ಗಾಢತೆಯದ್ದು ಸಿಗುವುದಿಲ್ಲ. 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ, ಹಸುಗೂಸುಗಳಿಗೆ ಕೊಡುವ ಹನಿಯಂತೂ ಇನ್ನೂ ಗಾಢ. ಆದ್ದರಿಂದ ‘ಒಂದು ಮುಚ್ಚಳ ಕೊಡಿ’ ಎಂದು ಫೋನಿನಲ್ಲಿ ಹೇಳುವುದು ಅಪಾಯಕಾರಿ. ತೂಕ ನೋಡಿ ವೈದ್ಯರು ಹೇಳಿದ ಪ್ರಮಾಣವನ್ನು, ಯಾವ ಬಾಟಲಿಯದ್ದು ಎಂಬುದರ ಸಮೇತ, ಬರೆದಿಟ್ಟಿರಬೇಕು. ಮಗು ಬೆಳೆದಂತೆ ತಿದ್ದಬೇಕು.

ನೆರೆಮನೆಯವರೊಡನೆ ಒಪ್ಪಂದ ಬಾಯಿಮಾತಿನಲ್ಲಿ ಮುಗಿದರೆ ಸಾಲದು. ಅಮ್ಮನಿಲ್ಲದ ಹೊತ್ತನ್ನು ಆ ಮನೆಯಲ್ಲಿ ಎಂದೂ ಕಳೆದಿರದ ಮೂರು ವರ್ಷದ ಮಗು, ಧೋ ಎಂದು ಮಳೆ ಸುರಿಯುವ ಬೆಳಿಗ್ಗೆ ಅಲ್ಲಿ ಸುಮ್ಮನೆ ಕೂರುತ್ತದೆ ಎಂದು ನಿರೀಕ್ಷಿಸುವುದು ಅನ್ಯಾಯ. ಯಾವ ಅವಸರವೂ ಇಲ್ಲದ ದಿನಗಳಲ್ಲಿ ಅಲ್ಲಿ ಊಟ, ಮಧ್ಯಾಹ್ನದ ನಿದ್ದೆ ಅಭ್ಯಾಸವಾಗಿರಬೇಕು. ಹಾಗೆ ಬಿಡುವ ಮೊದಲು ಆ ಮನೆಯ ಸುತ್ತ ಒಮ್ಮೆ ನಡೆಯಿರಿ. ನಮ್ಮೂರಿನ ತೋಟಗಳಲ್ಲಿ ಕಟ್ಟೆಯಿಲ್ಲದ ಬಾವಿ, ಬೇಲಿಯಿಲ್ಲದ ಕೆರೆ, ಮಳೆನೀರು ನಿಲ್ಲುವ ಮದಕ ಇವೆಲ್ಲ ಸಾಮಾನ್ಯ. ಮನೆಯವರಿಗೆ ದಿನವೂ ನೋಡಿ ರೂಢಿಯಾಗಿ ಅವು ಕಣ್ಣಿಗೆ ಬೀಳುವುದಿಲ್ಲ.

ಹಣದ ಮಾತನ್ನೂ ಮೊದಲೇ ಆಡಿಬಿಡಬೇಕು. ನೆರೆಯ ಅಕ್ಕನಿಗೆ ನಾವು ಕರೆದ ತಿಂಗಳಿಗೂ ಕರೆಯದ ತಿಂಗಳಿಗೂ ಒಂದು ಸಣ್ಣ ಮೊತ್ತ ಕೊಡುತ್ತೇವೆ. ಕೊಡುವುದು ನೋಡಿಕೊಂಡ ಗಂಟೆಗಳಿಗೆ ಮಾತ್ರವಲ್ಲ, ಕರೆದರೆ ಒಪ್ಪಿಕೊಳ್ಳುತ್ತೇನೆ ಎಂಬ ಮಾತಿಗೂ ಹೌದು. ಸಂಬಂಧ ಹಾಳಾದೀತು ಎಂದು ಕೆಲವರು ಹಿಂಜರಿಯುತ್ತಾರೆ. ಪುಕ್ಕಟೆ ಉಪಕಾರ ಮೇಲಿಂದ ಮೇಲೆ ಕೇಳಿದರೆ ಸಂಬಂಧ ಹಾಳಾಗುವುದು ಇನ್ನೂ ಬೇಗ ಎಂದು ನನ್ನ ಅಭಿಪ್ರಾಯ.

ಸರಕಾರದ ವ್ಯವಸ್ಥೆ ಏನೂ ಇಲ್ಲವೇ ಎಂದರೆ, ಇದೆ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕೆಂಬ ನಿಯಮವನ್ನು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಸೇರಿಸಲಾಯಿತು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಮಗುವನ್ನು ನೋಡಬಹುದು. ನಿಮ್ಮ ಕಚೇರಿಯಲ್ಲಿ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಆದರೆ ಕಿಕ್ಕಿರಿದ ಬೆಳಗಿನ ರೈಲಿನಲ್ಲಿ ಎರಡು ವರ್ಷದ ಮಗುವನ್ನು ಎತ್ತಿಕೊಂಡು ಗಡಿ ದಾಟಿದವರಿಗೆ, ಆ ಸೌಲಭ್ಯ ಊರಲ್ಲೇ ಕೆಲಸವಿರುವವರಿಗೆ ಒದಗಿದಷ್ಟು ನಮಗೆ ಒದಗದು ಎಂಬುದು ಅರ್ಥವಾಗುತ್ತದೆ.

ಯಾವ ಏರ್ಪಾಡೂ ಕೂಡಿಬಾರದ ದಿನ ಕೆಲವಾದರೂ ಇರುತ್ತವೆ. ಅಂಥ ದಿನ ರಜೆ ಯಾರದು ಎಂಬ ಚರ್ಚೆ ಬೆಳಿಗ್ಗೆ ಆರು ಗಂಟೆಗೆ ಶುರುವಾದರೆ ಅದು ತಾಯಿಯ ರಜೆಯಲ್ಲೇ ಮುಗಿಯುತ್ತದೆ. ಹಾಗಾಗಿ ಭಾನುವಾರ ರಾತ್ರಿಯೇ ಇಬ್ಬರ ವಾರದ ಕೆಲಸವನ್ನು ಎದುರಿಗಿಟ್ಟುಕೊಂಡು, ತಪ್ಪಿಸಲಾಗದ ದಿನ ಯಾರಿಗೆ ಯಾವುದು ಎಂದು ಗುರುತು ಹಾಕುತ್ತೇವೆ; ಎರಡೂ ಕಡೆ ತಪ್ಪಿಸಲಾಗದಿದ್ದರೆ ಮಧ್ಯಾಹ್ನದವರೆಗೆ ಪತಿ ಮನೆಯಲ್ಲಿರುತ್ತಾರೆ, ಅನಂತರ ನಾನು ಅರ್ಧ ದಿನದ ರಜೆ ಹಾಕಿ ಸಿಕ್ಕಿದ ರೈಲಿಗೆ ಬರುತ್ತೇನೆ.