ಕೋಲಿಗೆ ಸಿಗದ ಪೆಟ್ಟಿಗೆ

ಹ್ಯಾಂಡೋವರ್‌ಗೆ , ಅಂದರೆ ಕೆಲಸ ಮುಗಿಸಿ ಕ್ಲೈಂಟ್‌ಗೆ ಒಪ್ಪಿಸಲು, ಇನ್ನು ಎಂಟೇ ದಿನ ಇತ್ತು. ಬೆಂಗಳೂರಿನ ಒಂದು ಆಫೀಸಿನ ಎರಡನೇ ಮಹಡಿ, ಒಳಾಂಗಣದ ಕೆಲಸ ನಮ್ಮದು. ಕಣ್ಣು ಕಾಣದ ಇಬ್ಬರು, ಮಂದದೃಷ್ಟಿಯ ಒಬ್ಬರು, ವೀಲ್‌ಚೇರ್ ಬಳಸುವ ಒಬ್ಬರು ಅಲ್ಲಿ ಕೆಲಸಕ್ಕೆ ಸೇರುವವರಿದ್ದರು. ನಾಲ್ವರನ್ನೂ ಒಮ್ಮೆ ಸೈಟಿಗೆ ಕರೆಸಿದೆ.

ಅಳತೆಗಳಲ್ಲಿ ನಾನು ಎಲ್ಲೂ ತಪ್ಪಿರಲಿಲ್ಲ. ರ‍್ಯಾಂಪಿನ ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಬಾಗಿಲಿನ ಅಗಲ 900 ಮಿ.ಮೀ. ವೀಲ್‌ಚೇರ್ ತಿರುಗಲು 1500 ಮಿ.ಮೀ. ಜಾಗ. ನೆಲದಲ್ಲಿ ಕಾಲಿಗೆ, ಕೋಲಿಗೆ ತಾಗುವ ಉಬ್ಬುಗಳಿರುವ ಹಳದಿ ಟ್ಯಾಕ್ಟೈಲ್ ಟೈಲು, ಮೆಟ್ರೋ ಸ್ಟೇಷನ್ನಿನಲ್ಲಿ ನೋಡಿರ್ತೀರಲ್ಲ, ಅದೇ. ಉದ್ದ ಗೆರೆ ಇದ್ದರೆ ಮುಂದೆ ನಡೆಯಬಹುದು. ಗುಂಡು ಬೊಟ್ಟು ಇದ್ದರೆ ನಿಂತು ಹುಷಾರಾಗಬೇಕು. ಸೆಯೀಚಿ ಮಿಯಾಕೆ ಅನ್ನುವವರು ಇದನ್ನು ಕಂಡುಹಿಡಿದು, 1967ರಲ್ಲಿ ಜಪಾನಿನ ಒಕಾಯಾಮಾದಲ್ಲಿ ಮೊದಲ ಸಲ ರಸ್ತೆಗೆ ಹಾಕಿದರು. ಈ ಟೈಲು ಹಾಕಿದ ಮೇಲೆ ಅರ್ಧ ಕೆಲಸ ಮುಗಿಯಿತು ಅಂತಲೇ ನಾನು ಅಂದುಕೊಂಡಿದ್ದೆ.

ಮೊದಲು ಬಂದವರು ಬಿಳಿ ಕೋಲು ಹಿಡಿದು ಗೆರೆಯ ಮೇಲೆ ಸಲೀಸಾಗಿ ನಡೆದರು. ಆಮೇಲೆ ಹೇಳಿದರು, "ಗೆರೆ ಚೆನ್ನಾಗಿದೆ ಮೇಡಂ. ಆದ್ರೆ ದಿನಾ ಓಡಾಡೋ ಆಫೀಸಲ್ಲಿ ನಾನು ಗೋಡೆಗೆ ಕೋಲು ತಾಗಿಸ್ಕೊಂಡು ನಡೆಯೋದೇ ಜಾಸ್ತಿ." ಹೇಳಿ, ಹಾಗೇ ನಡೆದು ತೋರಿಸಿದರು. ಕಾರಿಡಾರಿನ ತಿರುವಿನಲ್ಲಿ ಢಬ್ ಅಂತ ಸದ್ದಾಯಿತು. ಬೆಂಕಿ ಆರಿಸುವ ಪೈಪಿನ ಪೆಟ್ಟಿಗೆಗೆ ಅವರ ಭುಜ ಬಡಿದಿತ್ತು.

ಆ ಪೆಟ್ಟಿಗೆ ಗೋಡೆಯಿಂದ 250 ಮಿ.ಮೀ. ಹೊರಗೆ ಚಾಚಿತ್ತು. ಅದರ ತಳ ಸೊಂಟದ ಎತ್ತರದಲ್ಲಿತ್ತು. ಕೋಲು ಅದರ ಕೆಳಗಿನಿಂದ ಆರಾಮಾಗಿ ದಾಟಿ ಹೋಯಿತು. ಕೋಲಿಗೆ ಗೊತ್ತಾಗುವುದು ನೆಲದ ಹತ್ತಿರ ಇರುವುದು ಮಾತ್ರ. ಓಡಾಡುವ ದಾರಿಯಲ್ಲಿ ಹೀಗೆ ತೂಗುವ ವಸ್ತು 100 ಮಿ.ಮೀ.ಗಿಂತ ಹೆಚ್ಚು ಚಾಚಬಾರದು ಅಂತ ನಾನೂ ಓದಿದ್ದೆ. ಆದರೆ ಪೆಟ್ಟಿಗೆ ಇದ್ದದ್ದು ಫೈರ್ ಕಂಟ್ರಾಕ್ಟರ್ ಡ್ರಾಯಿಂಗಿನಲ್ಲಿ. ನನ್ನ ಡ್ರಾಯಿಂಗಿನಲ್ಲಿ ಅದು ಬರೀ ಒಂದು ಸಣ್ಣ ಗುರುತು. ಎರಡನ್ನೂ ಒಂದರ ಮೇಲೊಂದು ಇಟ್ಟು ನಾನು ನೋಡಿರಲಿಲ್ಲ. ಅವರು ಭುಜ ಸವರಿಕೊಂಡು "ಪರ್ವಾಗಿಲ್ಲ ಮೇಡಂ, ಅಭ್ಯಾಸ ಆಗಿದೆ" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅದು ಕಾಂಕ್ರೀಟ್ ಗೋಡೆ, ಕೊರೆದು ಪೆಟ್ಟಿಗೆಯನ್ನು ಒಳಗೆ ಕೂರಿಸುವಂತಿರಲಿಲ್ಲ. ಅದರ ಕೆಳಗೆ ನೆಲದವರೆಗೂ ಅಷ್ಟೇ ಅಗಲದ ಒಂದು ಕಪಾಟು ಕಟ್ಟಿಸಿದೆವು. ಈಗ ಕೋಲು ಮೊದಲು ಕಪಾಟಿಗೆ ತಾಗುತ್ತದೆ. ಸುಮ್ನೆ ಒಂದು ಕಪಾಟು, ಅಷ್ಟೇ.

ಮಂದದೃಷ್ಟಿಯವರ ಕಷ್ಟವೇ ಬೇರೆ. ನಾನು ಇಷ್ಟಪಟ್ಟು ಆರಿಸಿದ್ದ ಬೂದು ನೆಲ, ಬೂದು ಗೋಡೆ, ಬೂದು ಬಾಗಿಲು ಅವರಿಗೆ ಒಂದೇ ಮಂಜಿನಂತೆ ಕಂಡವು. ಹೊಳೆಯುವ ಗ್ರಾನೈಟಿನ ಮೇಲೆ ಲೈಟು ಬಿದ್ದ ಜಾಗ ನೀರು ಚೆಲ್ಲಿದ ಹಾಗಿದೆ ಅಂತ ಕಾಲು ಎತ್ತಿಟ್ಟರು. ಬಾಗಿಲಿನ ಚೌಕಟ್ಟಿಗೆ ಗಾಢ ಬಣ್ಣ ಬಳಿಸಿ, ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಹಾಕಿಸಿದೆವು. ಗಾಜಿನ ಬಾಗಿಲಿಗೂ ಕಣ್ಣಿನ ಮಟ್ಟದಲ್ಲಿ ಪಟ್ಟಿ ಬಂತು. ಇದಕ್ಕೆಲ್ಲ ಆದ ಖರ್ಚು ಬಹಳ ಕಡಿಮೆ.

ಬ್ರೈಲ್ ಫಲಕಗಳಲ್ಲಿ ಎರಡನ್ನು ಹುಡುಗರು ತಲೆಕೆಳಗಾಗಿ ಅಂಟಿಸಿದ್ದರು. ಓದಲು ಬರುವವರು ನಮ್ಮ ತಂಡದಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಅವನ್ನು ಬಾಗಿಲ ಮೇಲೇ ಹಾಕಿದ್ದೂ ತಪ್ಪು. ಓದುತ್ತಾ ನಿಂತಾಗ ಒಳಗಿನಿಂದ ಯಾರಾದರೂ ಬಾಗಿಲು ತಳ್ಳಿದರೆ? ಹಿಡಿಕೆಯ ಪಕ್ಕದ ಗೋಡೆಗೆ ಬದಲಾಯಿಸಿದೆವು.

ವೀಲ್‌ಚೇರಿನಲ್ಲಿ ಬಂದವರಿಗೆ ನಮ್ಮ ಟ್ಯಾಕ್ಟೈಲ್ ಟೈಲೇ ತೊಂದರೆ. ಕಾರಿಡಾರಿನ ನಟ್ಟನಡುವೆ ಹಾಕಿದ್ದರಿಂದ ಚಕ್ರ ಕುಲುಕುತ್ತಿತ್ತು. ಗೆರೆಯನ್ನು ಒಂದು ಬದಿಗೆ ಸರಿಸಿ, ಇನ್ನೊಂದು ಬದಿ ಚಕ್ರಕ್ಕೆ ಬಿಟ್ಟೆವು. ಟಾಯ್ಲೆಟ್ಟಿನಲ್ಲಿ ಅವರು ಗ್ರ್ಯಾಬ್ ಬಾರ್ ಹಿಡಿದು ಎಳೆದ ತಕ್ಷಣ ಅದು ಅಲುಗಾಡಿತು. ಜಿಪ್ಸಂ ಗೋಡೆಯ ಒಳಗೆ ಆಧಾರಕ್ಕೆ ಪ್ಲೈವುಡ್ ಕೊಟ್ಟಿರಲಿಲ್ಲ. ಮನುಷ್ಯನ ಇಡೀ ಭಾರ ಹೊರುವ ಕಂಬಿ ಅದು, ಬಟ್ಟೆ ನೇತುಹಾಕುವುದಲ್ಲ. ಗೋಡೆ ಬಿಚ್ಚಿಸಿ ಮತ್ತೆ ಮಾಡಿಸಿದೆ.

"ಇದೆಲ್ಲ ಕಡ್ಡಾಯನಾ?" ಅಂತ ಕ್ಲೈಂಟ್‌ಗಳು ಕೇಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಖಾಸಗಿ ಕಟ್ಟಡಗಳನ್ನೂ ಬಿಟ್ಟಿಲ್ಲ. ಕಟ್ಟಡಗಳಲ್ಲಿ ವಿಕಲಚೇತನರಿಗೆ ಬೇಕಾದ ಅನುಕೂಲದ ನಿಯಮಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಾನು ಇದನ್ನು ಮೊದಲ ಮೀಟಿಂಗಿನಲ್ಲೇ ಹೇಳಿಬಿಡುತ್ತೇನೆ. ಸೈಟಿನಲ್ಲಿ ಗೋಡೆಗಳು ಇನ್ನೂ ಸುಣ್ಣದ ಗೆರೆಯಾಗಿರುವಾಗಲೇ ಬಳಸುವವರನ್ನು ಕರೆಸುತ್ತೇನೆ. ಅವರ ಸಮಯಕ್ಕೆ ಫೀಸ್ ಕೊಡಿಸುತ್ತೇನೆ. ಇಂಜಿನಿಯರಿಗೆ ಕೊಡ್ತೀವಿ, ಇವರಿಗೂ ಕೊಡಬೇಕು ಅಲ್ವಾ?

ಆಫೀಸು ಶುರುವಾಗಿ ಒಂದು ತಿಂಗಳಿಗೆ ಮತ್ತೆ ಹೋಗಿದ್ದೆ. ಭುಜಕ್ಕೆ ಪೆಟ್ಟು ತಿಂದಿದ್ದವರೇ ಪ್ಯಾಂಟ್ರಿಗೆ ಕರೆದುಕೊಂಡು ಹೋಗಿ ಕಾಫಿ ಮಾಡಿಕೊಟ್ಟರು. ಲೋಟ ಬಿಸಾಡಲು ಹೊರಟವರು ಅಲ್ಲೇ ನಿಂತರು. "ಎಲ್ಲಾ ಸರಿಯಾಗಿದೆ ಮೇಡಂ. ಈ ಕಸದ ಬುಟ್ಟಿ ಮಾತ್ರ ದಿನಕ್ಕೊಂದು ಕಡೆ ಇರುತ್ತೆ." ಮುಂದಿನ ವಾರ ಬಡಗಿಯನ್ನು ಕಳಿಸಿ, ಸಿಂಕಿನ ಪಕ್ಕ ಕೌಂಟರ್ ಒಳಗೇ ಬುಟ್ಟಿ ಕೂರಿಸಿದೆ.